ಆಕರ ಸೂಚಿಸದಿದ್ದರೆ ನೋಂದಣಿಗೇ ಕುತ್ತು

ಪರರ ಬರಹದಿಂದ ವಿಚಾರ ಪಡೆಯುವುದು ತಪ್ಪಲ್ಲ; ಪಡೆದುದನ್ನು ಹೇಳದಿರುವುದೇ ತಪ್ಪು. ಕೃತಿಚೌರ್ಯ ತಡೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಾವಳಿ ಹೊರಡಿಸಿದ್ದು, ಪ್ರೌಢಪ್ರಬಂಧ, ಮಹಾಪ್ರಬಂಧಗಳ ವಿಷಯದಲ್ಲಿ ದಂಡನೆಯನ್ನೂ ನಿಗದಿಪಡಿಸಿದೆ.

ಅದರಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ. 10ರಿಂದ 40ರಷ್ಟಿದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60ರಷ್ಟಾದರೆ 1 ವರ್ಷ ಕಾಲ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಆದರೆ ಆಕರ ಸಹಿತ ಉಲ್ಲೇಖಿಸಿದ ಭಾಗ, ಗ್ರಂಥಸೂಚಿ, ಮುನ್ನುಡಿ, ಕೃತಜ್ಞತೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಆದ್ದರಿಂದ ಯಥಾವತ್ತಾಗಿ ಎತ್ತಿಕೊಂಡ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಪುಟಸಂಖ್ಯೆ ನೀಡಬೇಕು. ಸ್ವಂತ ಮಾತಿನಲ್ಲಿ ಸಂಗ್ರಹಿಸಿ ಬರೆದರೂ ಆಕರ ಸೂಚನೆ ಅಗತ್ಯ. ಸಮಾಜವಿಜ್ಞಾನದಲ್ಲಿ ರೂಢಿಯಲ್ಲಿರುವ ಎಪಿಎ ಪದ್ಧತಿ ಲೇಖಕರ ಹೆಸರಿನೊಂದಿಗೆ ವರ್ಷವನ್ನು ಕೇಳಿದರೆ, ಸಾಹಿತ್ಯಾಧ್ಯಯನದ ಎಂಎಲ್‌ಎ ಪದ್ಧತಿ ಪುಟವನ್ನು ಕೇಳುತ್ತದೆ. ವಿಭಾಗವು ಸೂಚಿಸಿದ ಒಂದೇ ಪದ್ಧತಿಯನ್ನು ಆದ್ಯಂತ ಪಾಲಿಸಬೇಕು.

ಓದುವಾಗಲೇ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟಗಳನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ. ಗ್ರಂಥಾಲಯಕ್ಕೆ ಹಿಂತಿರುಗಿಸಿದ ಪುಸ್ತಕದ ಪುಟಸಂಖ್ಯೆಯನ್ನು ಕೊನೆಗಳಿಗೆಯಲ್ಲಿ ಹುಡುಕಿ ತೆಗೆಯುವುದು ಸುಲಭವಲ್ಲ.