ಆರಂಭದೋಷ (ಗಣಕಯಂತ್ರ)

ಪವರ್ ಗುಂಡಿ ಒತ್ತಿದರೂ ಗಣಕಯಂತ್ರ ಬಳಕೆಗೆ ಸಿದ್ಧವಾಗದೆ ನಡುವೆಯೇ ನಿಲ್ಲುವ ತೊಂದರೆ. ವಿದ್ಯುತ್ ಪೂರೈಕೆ, ಯಂತ್ರಾಂಶ, ತಂತ್ರಾಂಶ ಎಂಬ ಮೂರು ಮೂಲಗಳಿಂದ ಬರುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಮಳೆಗಾಲದ ಥಂಡಿ, ಸಿಡಿಲು, ವೋಲ್ಟೇಜ್ ಏರಿಳಿತಗಳು ಇದನ್ನು ಹೆಚ್ಚಿಸುತ್ತವೆ.

ಲಕ್ಷಣಗಳು: ಫ್ಯಾನ್ ತಿರುಗದಿದ್ದರೆ ಮೊದಲು ಪ್ಲಗ್, ಸ್ವಿಚ್, ಬಳಿಕ ಎಸ್‌ಎಂಪಿಎಸ್ (ಒಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆ) ಪರೀಕ್ಷಿಸಬೇಕು. ಫ್ಯಾನ್ ತಿರುಗಿ, ಪರದೆ ಕಪ್ಪಾಗಿಯೇ ಉಳಿದು ‘ಬೀಪ್’ ಮರುಕಳಿಸಿದರೆ ಹಲವು ಬಾರಿ ರ‍್ಯಾಮ್ ಕಾರಣ; ಬೀಪ್ ಸಂಕೇತದ ಅರ್ಥ ಬಯೋಸ್‌ಗೆ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ) ತಕ್ಕಂತೆ ಬದಲಾಗುತ್ತದೆ. ತೇವದಿಂದ ಮಂಕಾದ ರ‍್ಯಾಮ್‌ನ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವಂತೆ ಮರಳಿ ಕೂರಿಸುವುದು ರೂಢಿಯ ಪರಿಹಾರ. ದಿನಾಂಕ ಪದೇ ಪದೇ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಬೇಕು. ಡಿಸ್ಕ್ ಕಾಣದಿದ್ದರೆ ಅದರ ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಡಿಸ್ಕ್ ಕೆಟ್ಟಿರಬಹುದು.

ಮುನ್ನೆಚ್ಚರಿಕೆ: ಗುಡುಗು ಆರಂಭವಾಗುವ ಮುನ್ನವೇ ವಿದ್ಯುತ್ ಪ್ಲಗ್ಗಿನ ಜೊತೆಗೆ, ಮೋಡೆಮ್‌ಗೆ ದೂರವಾಣಿ ತಂತಿ ಇದ್ದರೆ ಅದನ್ನೂ ಕಳಚಬೇಕು. ದುರಸ್ತಿಗೆ ಮುನ್ನ ಪ್ಲಗ್ ತೆಗೆದಿರಬೇಕು. ಪ್ಲಗ್ ತೆಗೆದ ಮೇಲೂ ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುವುದರಿಂದ ಆ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬಾರದು.