ಮದುವೆ ಪತ್ರದ ಮೇಲೊಂದು ಚೌಕ ಮೊಹರು

1860ರ ದಶಕದಲ್ಲಿ ಬಂಗಾಳದ ಧಾರ್ಮಿಕ ಸುಧಾರಕ ಕೇಶವಚಂದ್ರ ಸೇನರ ಬ್ರಹ್ಮ ಸಮಾಜಕ್ಕೆ ಆಘಾತಕಾರಿ ಸುದ್ದಿಯೊಂದು ಬಂತು. ಹಳೆಯ ಶಾಸ್ತ್ರವಿಧಿಗಳನ್ನು ಬಿಟ್ಟು ನಡೆಸಿದ ಅವರ ಮದುವೆಗಳಿಗೆ ಕಾನೂನಿನ ಬಲವಿಲ್ಲ ಎಂದು ಅಡ್ವೊಕೇಟ್ ಜನರಲ್ ಕೋವಿ ಅಭಿಪ್ರಾಯ ಕೊಟ್ಟಿದ್ದರು. ಸೇನರು ಪಟ್ಟು ಹಿಡಿದದ್ದರ ಫಲವೇ 1872ರ ವಿಶೇಷ ವಿವಾಹ ಕಾಯ್ದೆ. ವಿದೇಶಿ ಸಂಗಾತಿಯ ಕೈಹಿಡಿದು ಇಂದು ಉಪನೋಂದಣಿ ಕಚೇರಿಯ ಮೆಟ್ಟಿಲೇರುವವರ ದಾಖಲೆಯ ಬೇರು ಅಲ್ಲಿದೆ.

ಆ ಕಾಯ್ದೆ ಕೇಳುತ್ತಿದ್ದ ಬೆಲೆ ಮಾತ್ರ ದುಬಾರಿ. ನಾವು ಹಿಂದೂಗಳಲ್ಲ, ಕ್ರೈಸ್ತರಲ್ಲ, ಮುಸ್ಲಿಮರಲ್ಲ, ಜೈನರಲ್ಲ ಎಂದು ಮುಂತಾಗಿ ವಧೂವರರು ಬರೆದು ಸಹಿ ಹಾಕಬೇಕಿತ್ತು. ಹಿಂದೂ ವರ, ಕ್ರೈಸ್ತ ವಧು ಈ ಕಾಯ್ದೆಯಡಿ ಒಂದಾಗಬೇಕೆಂದರೆ ಇಬ್ಬರೂ ತಮ್ಮ ನಂಬಿಕೆಯನ್ನು ಕಾಗದದ ಮೇಲೆ ಕಳಚಿಡಬೇಕು. ಪ್ರೀತಿಸಿದವರಿಗೆ ಸರ್ಕಾರ ವಿಧಿಸಬಹುದಾದ ಅತಿ ಕ್ರೂರ ಷರತ್ತು ಇದು. ಶಾಸನಸಭೆಯ ಸದಸ್ಯ ಹರಿಸಿಂಗ್ ಗೌರ್ 1923ರಲ್ಲಿ ತಂದ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗಷ್ಟೇ ಈ ಸಂಕಟದಿಂದ ಬಿಡುಗಡೆ ಕೊಟ್ಟಿತು.

1954ರ ಹೊಸ ವಿಶೇಷ ವಿವಾಹ ಕಾಯ್ದೆ ಧರ್ಮವನ್ನು ಕೇಳಲಿಲ್ಲ, ಪೌರತ್ವವನ್ನೂ ಕೇಳಲಿಲ್ಲ. ‘ಯಾರೇ ಇಬ್ಬರು’ ಎಂದಿತು. ಆದರೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ನೆಲೆಸಿರಬೇಕು. ನೋಟಿಸು ಕಚೇರಿಯ ಗೋಡೆಗೇರಿ ಮತ್ತೆ 30 ದಿನ ಆಕ್ಷೇಪಣೆಗೆ ಕಾಯಬೇಕು. ಮದುವೆಯ ದಿನ ಮೂವರು ಸಾಕ್ಷಿಗಳ ಸಹಿ. ವೀಸಾ ಅವಧಿ ಎಣಿಸುತ್ತ ಬಂದವರಿಗೆ ಈ ಕಾಯುವಿಕೆ ಇಂದಿಗೂ ಅನ್ಯಾಯವೇ.

ಕಡಲಾಚೆ ಮದುವೆಯಾಗುವ ಭಾರತೀಯರಿಗಾಗಿ 1969ರ ವಿದೇಶಿ ವಿವಾಹ ಕಾಯ್ದೆ ಬಂತು. ವಧೂವರರಲ್ಲಿ ಒಬ್ಬರು ಭಾರತೀಯ ಪ್ರಜೆಯಾಗಿದ್ದರೆ ಸಾಕು, ಅಲ್ಲಿನ ನಮ್ಮ ವಿವಾಹ ಅಧಿಕಾರಿಯೇ ಮದುವೆ ನೆರವೇರಿಸಬಹುದು.

ಭಾರತದಲ್ಲಿ ಪಡೆದ ಮದುವೆ ಪತ್ರವನ್ನು ಹೊರದೇಶ ನಂಬಬೇಕಲ್ಲ? ಹಿಂದೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆಮೇಲೆ ಆಯಾ ದೇಶದ ರಾಯಭಾರ ಕಚೇರಿ ಎಂದು ಅಲೆದಾಟ. 1961ರ ಹೇಗ್ ಒಪ್ಪಂದ ಈ ಸರಪಳಿಯನ್ನು ಒಂದೇ ಮೊಹರಿಗೆ ಇಳಿಸಿತು. ಅದೇ ಅಪೋಸ್ಟಿಲ್: ಕನಿಷ್ಠ 9 ಸೆಂಟಿಮೀಟರ್ ಬದಿಯ ಚೌಕ, ಹತ್ತು ಅಂಶಗಳು, ಮೇಲೆ ಕಡ್ಡಾಯವಾಗಿ ಫ್ರೆಂಚ್ ಶೀರ್ಷಿಕೆ. ಸಹಿ, ಮುದ್ರೆ ಅಸಲಿ ಎಂದಷ್ಟೇ ಅದರ ಖಾತರಿ. ಪತ್ರದೊಳಗಿನ ಸಂಗತಿ ನಿಜವೇ ಎಂಬುದಕ್ಕೆ ಅದು ಹೊಣೆಯಲ್ಲ. ಭಾರತಕ್ಕೆ ಈ ಸೌಲಭ್ಯ ದಕ್ಕಿದ್ದು 2005ರಲ್ಲಿ.

ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿತು. ಹೀಗಾಗಿ ಎರಡೂ ದೇಶಗಳು ಒಪ್ಪಂದದಲ್ಲಿದ್ದರೂ ಅವುಗಳ ನಡುವೆ ಆ ಮೊಹರು ನಡೆಯಲಿಲ್ಲ. ಜರ್ಮನಿಗೆ ಹೊರಟ ದಂಪತಿಯ ಮದುವೆ ಪತ್ರವನ್ನು ಜರ್ಮನ್ ದೂತಾವಾಸವೇ ಸ್ಥಳೀಯ ವಿಚಾರಣೆ ನಡೆಸಿ ಪರಿಶೀಲಿಸುವ ಪದ್ಧತಿ ಉಳಿಯಿತು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಖರ್ಚೂ ದಂಪತಿಯದೇ.