ಬೇರು ಮತ್ತು ಸಂಕೋಲೆ

1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ ಕಥೆ ನಮಗೆ ಗೊತ್ತು. ಅದೇ ವರ್ಷ ಬ್ರಿಟಿಷ್ ಆಡಳಿತ ಹುಚ್ಚಾಸ್ಪತ್ರೆಗಳ ಕಾಯಿದೆಯನ್ನೂ ತಂದಿತೆಂಬುದು ನಮ್ಮ ನೆನಪಿನಲ್ಲಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳು 1997ರಲ್ಲಿ ಗದಗ ಜಿಲ್ಲೆಯಾಗುವ ಮುನ್ನ ಧಾರವಾಡ ಜಿಲ್ಲೆಯಲ್ಲಿದ್ದವು. ಧಾರವಾಡದ ಹುಚ್ಚಾಸ್ಪತ್ರೆ 1845ರಷ್ಟು ಹಳೆಯದು. ಅಂದಿನ ಇಂಥ ಆಸ್ಪತ್ರೆಗಳು ರೋಗಿಯನ್ನು ಗುಣಪಡಿಸುವುದಕ್ಕಿಂತ ಕೂಡಿಹಾಕಿದ್ದೇ ಹೆಚ್ಚು. ಏಕೆಂದರೆ ಮದ್ದೇ ಇರಲಿಲ್ಲ.

ಮದ್ದಿನ ಸುಳಿವು ನಮ್ಮದೇ ನೆಲದ ಬೇರೊಂದರಲ್ಲಿತ್ತು. ಸರ್ಪಗಂಧವನ್ನು ವೈದ್ಯರೂ ಹಕೀಮರೂ ಬಹುಕಾಲದಿಂದ ಬಲ್ಲವರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದರ ಉಪಯೋಗವನ್ನು ಬರೆದು ಪ್ರಕಟಿಸಿದರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಆ ಬೇರಿನಿಂದ ಒಂದು ಸಾರವನ್ನು ಬೇರ್ಪಡಿಸಿ, ತಮಗೆ ಆಸರೆಯಾಗಿದ್ದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದನ್ನು ಅಜ್ಮಲೀನ್ ಎಂದು ಕರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದೇ ಬೇರಿನಿಂದ ರೆಸರ್ಪಿನ್ ದೊರೆಯಿತು.

1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ನಿಶ್ಚಲವಾದವು. ಡೋಪಮಿನ್ ಆಗಿ ಮಾರ್ಪಡುವ ವಸ್ತುವನ್ನು ಕೊಟ್ಟೊಡನೆ ಮತ್ತೆ ಓಡಾಡಿದವು. ಮಿದುಳಿನ ನರಕೋಶಗಳು ಇಂಥ ರಾಸಾಯನಿಕಗಳ ಮೂಲಕ ಮಾತಾಡಿಕೊಳ್ಳುತ್ತವೆಂಬ ಅರಿವು ಹೀಗೆ ಗಟ್ಟಿಯಾಯಿತು. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ಸ್ಕಿಜೋಫ್ರೇನಿಯಾದ ಹಳೆಯ ಔಷಧಿಗಳು ಡೋಪಮಿನ್ ಕುಳಿತುಕೊಳ್ಳುವ ಜಾಗವನ್ನು ತಡೆಯುತ್ತವೆ. 2024ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದ ಹೊಸ ಔಷಧಿ ಅಸಿಟೈಲ್‌ಕೋಲಿನ್ ಎಂಬ ಬೇರೆಯದೇ ದಾರಿಯನ್ನು ಹಿಡಿದಿದೆ. ಹಾಗೆಂದು ಮನಸ್ಸಿನ ಕಾಯಿಲೆ ಒಂದೇ ರಾಸಾಯನಿಕದ ಏರುಪೇರಲ್ಲ. ಅನುವಂಶೀಯತೆ, ಬಾಲ್ಯದ ಆಘಾತ, ಬಡತನ ಎಲ್ಲವೂ ಅದರಲ್ಲಿ ಹೆಣೆದುಕೊಂಡಿವೆ.

ವಿಜ್ಞಾನ ಇಷ್ಟು ದೂರ ಬಂದರೂ ನಾವೆಲ್ಲಿದ್ದೇವೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ 28 ಮಂದಿ ಸುಟ್ಟುಹೋದರು. ಸರಪಳಿಯಲ್ಲಿ ಬಿಗಿದಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಗುಣವಾಗಲೆಂದು ಹರಕೆ ಹೊತ್ತು ದರ್ಗಾಕ್ಕೆ ಕರೆತಂದವರು ಅವರ ಸ್ವಂತ ಮನೆಯವರೇ. ಪ್ರಾರ್ಥನೆ ಮನಸ್ಸಿಗೆ ನೆಮ್ಮದಿ ಕೊಡಬಹುದು, ಆದರೆ ಸಂಕೋಲೆ ಪ್ರಾರ್ಥನೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಅದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ದಾರಿ ನಮ್ಮ ಪಕ್ಕದಲ್ಲೇ ಇತ್ತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮಾದರಿಯಾಯಿತು. ಜ್ವರ ಬಂದವನನ್ನು ಆಸ್ಪತ್ರೆಗೆ ಒಯ್ಯಲು ನಾವು ನಾಚುವುದಿಲ್ಲ. ಮನಸ್ಸು ಕೆಟ್ಟವನನ್ನು ಒಯ್ಯಲು ಮಾತ್ರ ಏಕೆ ಕತ್ತಲಾಗುವುದನ್ನು ಕಾಯುತ್ತೇವೆ?